ಸಂಪಾದಕರ ಉತ್ತರ: ‘ಊರಿಗೆ ಹೋಗಿ ತಿಳಿಸ್ತೀವಿ’

ಅರಸೀಕೆರೆಯಿಂದ ಒಬ್ಬ ಓದುಗರು ನಾಲ್ಕು ಹಾಳೆಯ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ವಿಷಯ ಇಷ್ಟು. ಯಜಮಾನರ ಅಕ್ಕನ ಮಗಳ ನಿಶ್ಚಿತಾರ್ಥದಲ್ಲಿ ಇವರು ‘ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಜಾಸ್ತಿ ಜನ ಬಂದಿದ್ದಾರಲ್ಲ’ ಎಂದರಂತೆ. ಅತ್ತಿಗೆಯ ಮುಖ ಒಂಥರಾ ಆಯಿತು ಅಂತ ಇವರಿಗೆ ಅನ್ನಿಸಿತು. ಊರಿಗೆ ಬಂದು ‘ಸುಖವಾಗಿ ತಲುಪಿದೆವು’ ಅಂತ ವಾಟ್ಸಾಪ್ ಮಾಡಿದರೆ ಎರಡು ದಿನ ಬಿಟ್ಟು ಬಂದ ಉತ್ತರ ‘ಹೂಂ’. ಅದಾಗಿ ಇಪ್ಪತ್ತೆರಡು ದಿನ. ತೆಂಗಿನಕಾಯಿ ತುರಿಯುವಾಗ, ಬಟ್ಟೆ ಮಡಿಸುವಾಗ, ರಾತ್ರಿ ದೀಪ ಆರಿಸಿದ ಮೇಲೆ ಅದೇ ‘ಹೂಂ’ ತಲೆಯೊಳಗೆ ಸುತ್ತುತ್ತದೆ. ಅತ್ತಿಗೆ ಹೀಗಂದರೆ ನಾನು ಹೀಗನ್ನಬೇಕು ಅಂತ ಒಲೆ ಮುಂದೆ ನಿಂತು ಇಬ್ಬರ ಮಾತನ್ನೂ ತಾವೇ ಆಡಿಕೊಳ್ಳುತ್ತಾರಂತೆ. ‘ನಿಂಗೆ ಮಾಡೋಕೆ ಬೇರೆ ಕೆಲಸ ಇಲ್ಲ’ ಎಂದು ಯಜಮಾನರು ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಾರೆ. ಕೊನೆಗೆ ಕೇಳಿದ್ದಾರೆ: ‘ಸರ್, ಇದು ನನ್ನ ಸ್ವಭಾವವೋ, ಕಾಯಿಲೆಯೋ? ಯೋಚನೆ ಮಾಡುವವರು ಇರುವುದರಿಂದಲೇ ಮನೆ ನಡೆಯುತ್ತೆ ಅಂತ ನಮ್ಮಮ್ಮ ಹೇಳುತ್ತಿದ್ದರು. ಅದು ಸುಳ್ಳಾ?’

ಸೋದರಿ, ನಿಮ್ಮ ಯಜಮಾನರ ಮಾತಿನಲ್ಲಿ ಒಂದಿಷ್ಟು ನಿಜವಿದೆ. ಇಪ್ಪತ್ತೆರಡು ದಿನ ಯೋಚಿಸಿದರೂ ಆ ‘ಹೂಂ’ನ ಪಕ್ಕಕ್ಕೆ ಇನ್ನೊಂದು ಅಕ್ಷರ ಬಂದು ಕೂತಿಲ್ಲ. ಅದನ್ನು ಒಪ್ಪಿಕೊಂಡು ಮುಂದೆ ಹೋಗೋಣ.

ನಿಮ್ಮಮ್ಮ ಹೇಳಿದ್ದೂ ಸುಳ್ಳಲ್ಲ. ಆದರೆ ಅವರು ಹೇಳಿದ ಯೋಚನೆಯೇ ಬೇರೆ. ನಮ್ಮ ಅಮ್ಮ ಹಬ್ಬದ ಹಿಂದಿನ ದಿನ ಅಡುಗೆಮನೆಯ ಹೊಸಿಲ ಮೇಲೆ ಕೂರುತ್ತಿದ್ದಳು. ಕೈಯಲ್ಲಿ ಮೊಂಡು ಪೆನ್ಸಿಲ್, ಕ್ಯಾಲೆಂಡರಿನಿಂದ ಹರಿದ ಹಾಳೆ. ಸಕ್ಕರೆ ಡಬ್ಬ ಅಲ್ಲಾಡಿಸಿ ನೋಡುವಳು. ಮೈಸೂರಿನವರು ಬಂದರೆ ಎಷ್ಟು, ಬರದಿದ್ದರೆ ಎಷ್ಟು ಅಂತ ಬೆರಳು ಮಡಿಸಿ ಎಣಿಸುವಳು. ತೊಗರಿಬೇಳೆ ಒಂದು ಕೇಜಿ, ಬೆಲ್ಲ ಎರಡಚ್ಚು, ಏಲಕ್ಕಿ ಎರಡು ರೂಪಾಯಿಗೆ. ಬರೆದು ಮುಗಿದ ಮೇಲೆ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ದುಡ್ಡು ಒಳಗಿಟ್ಟು, ನನ್ನ ಅಂಗಿ ಜೇಬಿಗೆ ತುರುಕಿ ಎದ್ದುಬಿಡುತ್ತಿದ್ದಳು. ಆಮೇಲೆ ಬೇಳೆಯ ಬಗ್ಗೆ ಅವಳು ಯೋಚಿಸಿದ್ದನ್ನು ನಾನು ಕಂಡಿಲ್ಲ.

ಮನೆ ನಡೆಸುವ ಯೋಚನೆ ಅದು, ಚೀಟಿಯಲ್ಲಿ ಮುಗಿಯುತ್ತದೆ. ನಿಮ್ಮದು ಯಾವ ಜಾತಿಯದು ಅಂತ ತಿಳಿಯಬೇಕಾದರೆ ಇದನ್ನೇ ಮಾಡಿ ನೋಡಿ. ಅರ್ಧ ಗಂಟೆ ಯೋಚಿಸಿದ ಮೇಲೆ, ನಾಳೆ ಮಾಡಬಹುದಾದ ಒಂದು ಕೆಲಸವನ್ನು ಒಂದು ಸಾಲಿನಲ್ಲಿ ಬರೆಯಲು ಬಂತೇ? ಬಂದರೆ ಅದು ಮುಂದಾಲೋಚನೆ, ಸಂಕೋಚ ಬೇಡ. ಬರಲಿಲ್ಲ, ಬದಲಿಗೆ ‘ಯಾಕೆ ಹಾಗಂದೆ, ಯಾಕೆ ಹಾಗಂದರು, ಯಾಕೆ ನನಗೇ ಹೀಗೆ’ ಅಂತ ‘ಯಾಕೆ’ಯ ಮೇಲೆ ‘ಯಾಕೆ’ ಬಂತು ಅನ್ನಿ, ಆಗ ಅದು ಅಭ್ಯಾಸ. ನೀವು ಅದನ್ನು ಜವಾಬ್ದಾರಿ ಅಂದುಕೊಂಡಿದ್ದೀರಿ, ಅದಕ್ಕೇ ಗುರುತು ಸಿಕ್ಕಿಲ್ಲ. ನಿಮ್ಮ ಕಾಗದದಲ್ಲೇ ನೋಡಿ: ಎರಡನೆಯ ಪುಟದಲ್ಲಿರುವ ಮಾತು ಮೂರನೆಯ ಪುಟದಲ್ಲೂ ಇದೆ, ನಾಲ್ಕನೆಯದರಲ್ಲೂ ಇದೆ.

ಮನಶ್ಶಾಸ್ತ್ರದವರು ಈ ಅಭ್ಯಾಸಕ್ಕೆ ‘ರೂಮಿನೇಶನ್’ ಎನ್ನುತ್ತಾರೆ. ಮೂಲದಲ್ಲಿ ಅದು ಹಸು ಮೆಲುಕು ಹಾಕುವುದಕ್ಕಿರುವ ಪದ. ನಮ್ಮ ಕನ್ನಡದಲ್ಲಿ ಹೆಚ್ಚಾಗಿ ಸಿಹಿ ನೆನಪನ್ನು ಮೆಲುಕು ಹಾಕುತ್ತೇವೆ, ಕಹಿಯನ್ನು ‘ತಲೆಗೆ ಹಚ್ಚಿಕೊಳ್ಳುತ್ತೇವೆ’. ಎಷ್ಟು ಸರಿಯಾದ ಮಾತು! ಕೊಟ್ಟಿಗೆ ಇದ್ದ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಹಸು ಮತ್ತೆ ಅಗಿದದ್ದು ಮುಂದಿನ ಹೊಟ್ಟೆಗೆ ಇಳಿಯುತ್ತದೆ, ಹಾಲಾಗುತ್ತದೆ. ತಲೆಗೆ ಹಚ್ಚಿಕೊಂಡದ್ದು ಎಲ್ಲಿಗೂ ಇಳಿಯುವುದಿಲ್ಲ.

ಈ ವಿಷಯದಲ್ಲಿ ನಾನು ಓದಿದವರಲ್ಲಿ ನನಗೆ ಹೆಚ್ಚು ಗೌರವವಿರುವುದು ಸೂಸನ್ ನೋಲೆನ್ ಹೊಯೆಕ್ಸೆಮಾ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯ ಮೇಲೆ. 1989ರ ಅಕ್ಟೋಬರ್ 17ರಂದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ದೊಡ್ಡ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮುಂಚೆ ಆಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಮನಸ್ಸಿಗೆ ಬೇಸರವಾದಾಗ ನೀವೇನು ಮಾಡುತ್ತೀರಿ ಎಂದು ಕೇಳಿ ಬರೆಸಿಕೊಂಡಿದ್ದರು. ಭೂಕಂಪ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಭೂಕಂಪವಾಗಿ ಹತ್ತು ದಿನ ಕಳೆದ ಮೇಲೆ ಒಂದು ಸಲ, ಏಳು ವಾರ ಕಳೆದ ಮೇಲೆ ಇನ್ನೊಂದು ಸಲ ಅದೇ ವಿದ್ಯಾರ್ಥಿಗಳನ್ನು ಮತ್ತೆ ಕೇಳಿದರು. ಮೊದಲಿನಿಂದಲೂ ಬೇಸರವನ್ನೇ ಅಗಿಯುವ ಅಭ್ಯಾಸವಿದ್ದವರು ಹೆಚ್ಚು ಕುಗ್ಗಿದ್ದರು. ಭೂಮಿ ನಡುಗಿದ್ದು ಎಲ್ಲರಿಗೂ. ಏಳು ವಾರ ಕಳೆದರೂ ಅದು ಕೆಲವರೊಳಗೆ ಇನ್ನೂ ನಡುಗುತ್ತಿತ್ತು.

ಆದರೆ ನಾನು ಅವರನ್ನು ನೆನೆಯುವುದು ಅದಕ್ಕಿಂತ ಹೆಚ್ಚಾಗಿ 1999ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಇನ್ನೊಂದು ಅಧ್ಯಯನಕ್ಕೆ. 25ರಿಂದ 75 ವರ್ಷದೊಳಗಿನ ಸುಮಾರು 1,100 ಜನರನ್ನು ಮಾತಾಡಿಸಿ ಮಾಡಿದ್ದು. ಹೆಂಗಸರು ಗಂಡಸರಿಗಿಂತ ಹೆಚ್ಚು ಹೀಗೆ ಅಗಿಯುತ್ತಾರೆ ಎಂಬುದು ಕಂಡಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಅದೇ ಹೆಂಗಸರ ಮೇಲೆ ಮುಗಿಯದ ಹೊರೆ ಜಾಸ್ತಿಯಿತ್ತು, ತಮ್ಮ ಬದುಕು ತಮ್ಮ ಕೈಯಲ್ಲಿದೆ ಎಂಬ ಭಾವ ಕಡಿಮೆಯಿತ್ತು. ಕೈಯಲ್ಲಿ ಏನೂ ಇಲ್ಲವೆನಿಸಿದಷ್ಟೂ ಯೋಚನೆ ಹೆಚ್ಚು, ಯೋಚಿಸಿದಷ್ಟೂ ಕೈಯಲ್ಲಿ ಏನೂ ಇಲ್ಲವೆನಿಸುವುದು ಹೆಚ್ಚು.

ಈಗ ನಿಮ್ಮ ಕಾಗದದ ಮೂರನೆಯ ಹಾಳೆಗೆ ಬರುತ್ತೇನೆ. ಒಂದೇ ಸಾಲು ಬರೆದು ದಾಟಿಬಿಟ್ಟಿದ್ದೀರಿ: ‘ಕೇಳಿಬಿಡೋಣ ಅಂದರೆ, ಸೊಸೆಯಾಗಿ ಬಂದವಳು ಕೇಳುವುದು ಹೇಗೆ?’ ಸೋದರಿ, ನಾಲ್ಕು ಹಾಳೆಯಲ್ಲಿ ನೀವು ಬರೆಯಬೇಕಿದ್ದದ್ದು ಇದೊಂದೇ ಸಾಲು. ಬಾಯಲ್ಲಿ ಅರ್ಧ ನಿಮಿಷದಲ್ಲಿ ಆಗಬೇಕಾದ ಕೆಲಸವನ್ನು ನಿಮ್ಮ ತಲೆ ಇಪ್ಪತ್ತೆರಡು ದಿನದಿಂದ ಮಾಡುತ್ತಿದೆ. ಯಜಮಾನರಿಗೆ ನಿದ್ದೆ ಬರುತ್ತದೆ, ಬರಲೇಬೇಕು, ಆಕೆ ಅವರ ಒಡಹುಟ್ಟಿದ ಅಕ್ಕ. ಬೈದರೂ ಬೈಸಿಕೊಂಡರೂ ಮುಂದಿನ ಹಬ್ಬಕ್ಕೆ ಎಲ್ಲ ಸರಿಹೋಗುತ್ತದೆ. ನೀವು ಒಂದು ಮಾತು ತಪ್ಪಿದರೆ ಹತ್ತು ವರ್ಷ ಅದನ್ನು ಎತ್ತಿ ಆಡುತ್ತಾರೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಹೇಳುವಾಗ, ಆ ಸಂತೆಯಲ್ಲಿ ಸಾಮಾನು ಕಾಯುತ್ತ ಎಚ್ಚರವಾಗಿ ಕೂತವರು ಯಾರು ಎಂದು ನಾವು ಕೇಳುವುದಿಲ್ಲ.

ಕೇಳಲು ಸ್ವಾತಂತ್ರ್ಯವಿಲ್ಲದವರು, ಉತ್ತರ ಸಿಗದವರು ಯೋಚನೆಗೆ ಬೀಳುತ್ತಾರೆ. ಇದು ನಾನು ಬಹಳ ವರ್ಷದಿಂದ ನಂಬಿಕೊಂಡು ಬಂದ ಮಾತು, ಇದನ್ನು ಕಲಿತದ್ದು ನಮ್ಮ ಮನೆಯಲ್ಲೇ. ನಮ್ಮಕ್ಕನನ್ನು ನೋಡಲು ಒಂದು ಸಲ ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು, ಕೇಸರಿಬಾತು ತಿಂದರು, ಅಕ್ಕನಿಂದ ಎರಡು ಹಾಡು ಹೇಳಿಸಿದರು, ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಹೊರಟರು. ನಾಲ್ಕು ತಿಂಗಳು ಒಂದು ಅಕ್ಷರ ಬರಲಿಲ್ಲ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಯಿತಾ, ಜಮಖಾನೆ ಹಳೇದು ಹಾಸಿದ್ದು ತಪ್ಪಾಯಿತಾ ಅಂತ ಅಮ್ಮ ರಾತ್ರಿ ಹೊತ್ತು ಗೋಡೆಗೆ ಹೇಳಿಕೊಳ್ಳುತ್ತಿದ್ದಳು. ಅಕ್ಕ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಳು. ಬೇಳೆಯ ವಿಷಯ ಒಂದು ಚೀಟಿಯಲ್ಲಿ ಮುಗಿಸುತ್ತಿದ್ದ ಅದೇ ಅಮ್ಮ!

ಒಂದು ದಿನ ಅಪ್ಪ ಅಂಚೆ ಕಚೇರಿಯಿಂದ ರಿಪ್ಲೈ ಕಾರ್ಡು ತಂದರು. ಈಗಿನವರು ನೋಡಿರಲಿಕ್ಕಿಲ್ಲ. ಎರಡು ಕಾರ್ಡು ಜೋಡಿಯಾಗಿ ಅಂಟಿಕೊಂಡಿರುತ್ತಿದ್ದವು, ಒಂದರಲ್ಲಿ ನಾವು ಬರೆಯುವುದು, ಇನ್ನೊಂದು ಉತ್ತರಕ್ಕೆ. ಉತ್ತರದ ಕಾರ್ಡಿನ ಮೇಲೆ ಅಪ್ಪ ನಮ್ಮ ವಿಳಾಸ ತಾವೇ ಬರೆದರು. ಇತ್ತ, ‘ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೆದು ಡಬ್ಬಿಗೆ ಹಾಕಿ, ನಮಗೆ ಬೇಸರವಿಲ್ಲ’ ಎಂದು ಎರಡೇ ಸಾಲು. ಆರನೆಯ ದಿನ ಉತ್ತರ ಬಂತು: ‘ಸಂಬಂಧ ಕೂಡಿ ಬರಲಿಲ್ಲ, ಕ್ಷಮಿಸಿ.’ ಅಮ್ಮ ಅದನ್ನು ಎರಡು ಸಲ ಓದಿ ದೇವರ ಗೂಡಿನ ಹಿಂದೆ ಸಿಕ್ಕಿಸಿದಳು. ಆ ರಾತ್ರಿ ಊಟ ಮುಗಿಸಿ ಎಂಟೂವರೆಗೇ ಮಲಗಿದಳು. ಬೆಳಿಗ್ಗೆ ಹಾಲಿನವನು ಬಾಗಿಲು ತಟ್ಟುವವರೆಗೂ ಏಳಲಿಲ್ಲ.

‘ಇಲ್ಲ’ ಎಂಬ ಉತ್ತರ ಕೊಟ್ಟ ನಿದ್ದೆ ಅದು. ಇಷ್ಟು ಸಣ್ಣ ದಯೆ ತೋರಿಸಲು ನಮ್ಮ ಜನಕ್ಕೆ ಇಂದಿಗೂ ಕೈ ಬರುವುದಿಲ್ಲ ಎಂಬುದೇ ನನ್ನ ಸಂಕಟ. ಕೆಲಸದ ಸಂದರ್ಶನಕ್ಕೆ ಕರೆಸಿದವರು ತಿಳಿಸುವುದಿಲ್ಲ. ಸಾಲ ತೆಗೆದುಕೊಂಡವರು ‘ಮುಂದಿನ ತಿಂಗಳು ಆಗಲ್ಲ’ ಎನ್ನುವ ಬದಲು ಫೋನು ಎತ್ತುವುದನ್ನೇ ಬಿಡುತ್ತಾರೆ. 2014ರ ನವೆಂಬರಿನಲ್ಲಿ ವಾಟ್ಸಾಪ್‌ಗೆ ನೀಲಿ ಟಿಕ್ ಬಂದ ಮೇಲಂತೂ, ಓದಿದ್ದಾರೆ ಎಂದು ಖಾತ್ರಿಯಾಗಿ ಗೊತ್ತಾಗುತ್ತದೆ, ಉತ್ತರ ಮಾತ್ರ ಇಲ್ಲ. ಸರ್ಕಾರವಾದರೂ ಒಂದು ಹೆಜ್ಜೆ ಮುಂದಿಟ್ಟಿತು. 2012ರಲ್ಲಿ ಸಕಾಲ ಬಂದಾಗ ಅರ್ಜಿ ಕೊಟ್ಟವರ ಕೈಗೆ 15 ಅಂಕಿಯ ಸಂಖ್ಯೆ, ಇಂಥ ದಿನದೊಳಗೆ ಎಂಬ ಗಡುವು ಸಿಕ್ಕಿತು. ತಡವಾದರೆ ದಿನಕ್ಕೆ 20 ರೂಪಾಯಿ, 500 ರೂಪಾಯಿವರೆಗೆ ಪರಿಹಾರ ಎಂದು ಕಾಯ್ದೆಯಲ್ಲೇ ಬರೆದರು. ಕಾಯುವವರಿಗೂ ಒಂದು ಹಕ್ಕಿದೆ ಎಂದು ಒಪ್ಪಿದ ಕಾಯ್ದೆ ಅದು, ನನಗೆ ಅದರ ಮೇಲೆ ತುಂಬ ಪ್ರೀತಿ. ಅತ್ತೆಮನೆಯಲ್ಲಿ, ಬೀಗರ ನಡುವೆ, ಗಂಡ ಹೆಂಡತಿಯ ನಡುವೆ ಅಂಥ ಗಡುವು ಇಟ್ಟುಕೊಂಡವರು ಎಷ್ಟು ಜನ?

ಸ್ವಭಾವವೋ ಕಾಯಿಲೆಯೋ ಎಂದು ಕೇಳಿದಿರಿ. ನಿಮ್ಮ ಕಾಗದ ಓದಿದರೆ ನನಗೆ ಎರಡೂ ಕಾಣುವುದಿಲ್ಲ, ಕಲಿತ ಅಭ್ಯಾಸ ಕಾಣುತ್ತದೆ, ಮರೆಯಲೂ ಬಹುದು. ಆದರೆ ನಾನು ವೈದ್ಯನಲ್ಲ. ಊಟ ಸೇರದೆ, ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಟ್ಟಲೆ ಕಳೆಯುತ್ತಿದ್ದರೆ 14416ಕ್ಕೆ ಫೋನು ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಉಳಿದದ್ದು ಒಂದು ಫೋನು. ಭಾನುವಾರ ತಿಂಡಿ ಆದ ಮೇಲೆ ಮಾಡಿ, ಯಜಮಾನರು ಪಕ್ಕದಲ್ಲಿರುವಾಗ. ಮೊದಲು ಅವರು ಮಾತಾಡಿ ನಿಮ್ಮ ಕೈಗೆ ಕೊಡಲಿ, ಅಷ್ಟು ಅವರ ಪಾಲಿನ ಕೆಲಸ, ಈ ಪುಟ ತೋರಿಸಿ ನಾನು ಹೇಳಿದೆ ಎನ್ನಿ. ಒಲೆ ಮುಂದೆ ಅಭ್ಯಾಸ ಮಾಡಿದ್ದೆಲ್ಲ ಬೇಡ. ‘ಅತ್ತಿಗೆ, ಅವತ್ತು ಜನ ಜಾಸ್ತಿ ಬಂದಿದ್ದಾರೆ ಅಂದೆನಲ್ಲ, ನಿಮಗೆ ಬೇಜಾರಾಯ್ತಾ?’ ಅಷ್ಟು ಕೇಳಿ ಸುಮ್ಮನಾಗಿ, ಅವರು ಮಾತಾಡಲಿ. ಹೌದು ಅಂದರೂ ಸರಿ, ಇಲ್ಲ ಅಂದರೂ ಸರಿ, ಏನೆಂದರು ಎಂದು ನನಗೊಂದು ಕಾರ್ಡು ಹಾಕಿ. ಬಂದ ವಾರವೇ ಉತ್ತರ ಬರೆಯುತ್ತೇನೆ.