ದೂರು ಕೊಟ್ಟವರೇ ತೀರ್ಪು ಕೊಟ್ಟಾಗ

ಮಾನ್ಯರೇ,

ನಿಮ್ಮ ಕೋರಿಕೆಯಂತೆ ನಿಮ್ಮ ಹೆಸರನ್ನೂ ಕಾಫಿ ಬೀಜದ ಹೊಟ್ಟು ತೆಗೆದು ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್‌ನ ಹೆಸರನ್ನೂ ಕೈಬಿಟ್ಟು, ಪತ್ರದ ಸಾರವನ್ನಷ್ಟೇ ಓದುಗರ ಮುಂದಿಡುತ್ತಿದ್ದೇವೆ. ಚಿಕ್ಕಮಗಳೂರಿನ ಆ ಸಂಸ್ಥೆಯ ಗೋದಾಮಿನಲ್ಲಿ, ಒಳಸಿಪ್ಪೆ ಇನ್ನೂ ತೆಗೆಯದ ಪಾರ್ಚ್‌ಮೆಂಟ್ ಕಾಫಿಯ ತೂಕ ಪುಸ್ತಕದ ಲೆಕ್ಕಕ್ಕಿಂತ ಕಡಿಮೆ ಬಂದಿತು. ದೂರು ಕೊಟ್ಟ ಮ್ಯಾನೇಜರರೇ ವಿಚಾರಣಾಧಿಕಾರಿಯಾಗಿ ಕುಳಿತು, ಸಾಕ್ಷಿಯಾಗಿ ನಿಮ್ಮ ಹೇಳಿಕೆ ಬರೆಸಿಕೊಂಡು, ಅದೇ ದಿನ ಸಂಜೆಯೊಳಗೆ ಗೋದಾಮಿನ ಗುಮಾಸ್ತರನ್ನು ಕೆಲಸದಿಂದ ತೆಗೆದರು. 'ಆತ ತಪ್ಪು ಮಾಡಿದ್ದು ನಿಜವೇ ಆಗಿದ್ದರೆ ವಿಚಾರಣೆ ಹೇಗೆ ನಡೆದರೇನು?' ಎಂದು ಕೇಳಿದ್ದೀರಿ.

'ನಿಜವೇ ಆಗಿದ್ದರೆ' ಎಂಬ ಮಾತನ್ನು ನಾವು ನಿಮ್ಮಷ್ಟು ಸುಲಭವಾಗಿ ದಾಟಲಾರೆವು. ಪತ್ರದ ಎರಡನೆಯ ಪುಟದಲ್ಲಿ, ಕಂಸದೊಳಗೆ, ಆ ಚೀಲಗಳು ಬಂದಿದ್ದು ಅಕಾಲದ ಮಳೆಯ ಮರುದಿನವೆಂದೂ ಕೈಯಿಟ್ಟರೆ ಕಾಳು ತಣ್ಣಗಿತ್ತೆಂದೂ ಬರೆದಿದ್ದೀರಿ. ಪಾರ್ಚ್‌ಮೆಂಟನ್ನು ತೇವಾಂಶ ಶೇಕಡಾ 10ಕ್ಕೆ ಇಳಿಯುವವರೆಗೆ ಒಣಗಿಸಬೇಕೆಂಬುದು ನಮ್ಮ ಮಲೆನಾಡಿನಲ್ಲಿ ಕಣದ ಕೆಲಸ ಕಂಡವರಿಗೆಲ್ಲ ಗೊತ್ತು. ಶೇಕಡಾ 14ರ ತೇವಾಂಶದಲ್ಲಿ ಬಂದ 50 ಕೆ.ಜಿ. ಚೀಲವೊಂದು 10ಕ್ಕೆ ಒಣಗುವಷ್ಟರಲ್ಲಿ ಎರಡು ಕೆ.ಜಿ.ಗೂ ಹೆಚ್ಚು ತೂಕ ಕಳೆದುಕೊಳ್ಳುತ್ತದೆ; ನೂರು ಚೀಲಕ್ಕೆ ಇನ್ನೂರು ಕೆ.ಜಿ. ಮೀರುತ್ತದೆ. ಕೊರತೆಗೆ ಇದೇ ಕಾರಣವೆಂದು ನಾವು ಹೇಳುತ್ತಿಲ್ಲ, ಗುಮಾಸ್ತರು ಕದ್ದಿರಲೂಬಹುದು. ಆದರೆ ಚೀಲ ಹಸಿಯಿತ್ತೇ ಎಂದು ನಿಮ್ಮನ್ನು ಕೇಳುವ ಹಕ್ಕು ಅವರಿಗಿತ್ತು. ಪಾಟೀಸವಾಲಿಗೆ ಅವಕಾಶವೇ ಇಲ್ಲದ್ದರಿಂದ ಆ ಸಂಗತಿ ವಿಚಾರಣೆಯ ಕಡತಕ್ಕೆ ಸೇರದೆ, ತಿಂಗಳುಗಳ ನಂತರ ನಮ್ಮ ಟಪಾಲಿಗೆ ಬಂದಿದೆ.

ಮ್ಯಾನೇಜರರು ಸಜ್ಜನರು, ಅವರಿಗೆ ದ್ವೇಷವಿರಲಿಲ್ಲ ಎಂದಿದ್ದೀರಿ. ಇರಬಹುದು. 1969ರ ಕ್ರೈಪಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮನಸ್ಸಿನೊಳಗಿನ ದ್ವೇಷವನ್ನು ಹುಡುಕುತ್ತ ಹೋಗಲಿಲ್ಲ. ಭಾರತೀಯ ಅರಣ್ಯ ಸೇವೆಗೆ ಜಮ್ಮು-ಕಾಶ್ಮೀರದ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಆ ರಾಜ್ಯದ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರಾಗಿದ್ದರು, ಸ್ವತಃ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಪರಿಶೀಲನೆಗೆ ಬಂದಾಗ ಅವರು ಕುಳಿತಿರಲಿಲ್ಲ, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತಿದ್ದರು. ಪಕ್ಷಪಾತ ನಡೆದೇ ಇತ್ತೆಂದು ಸಾಬೀತಾಗಬೇಕಿಲ್ಲ, ಅದಕ್ಕೆ ಸಕಾರಣವಾದ ಸಂಭವವಿದ್ದರೆ ಸಾಕೆಂದು ಹೇಳಿ ನ್ಯಾಯಾಲಯ ಆ ಆಯ್ಕೆಯನ್ನು ರದ್ದುಪಡಿಸಿತು. ಅದು ಸರ್ಕಾರಿ ನೇಮಕಾತಿಯ ಮಾತು ನಿಜ. ಆದರೆ ಖಾಸಗಿ ಸಂಸ್ಥೆಯ ಆಂತರಿಕ ವಿಚಾರಣೆಯನ್ನೂ ಕಾರ್ಮಿಕ ನ್ಯಾಯಾಲಯಗಳು ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗಬಾರದು, ಆಪಾದಿತನ ಮಾತನ್ನೂ ಕೇಳಬೇಕು ಎಂಬ ನೈಸರ್ಗಿಕ ನ್ಯಾಯದ ತತ್ವಗಳಿಂದಲೇ ಅಳೆಯುತ್ತವೆ. ನಿಮ್ಮ ಮ್ಯಾನೇಜರರಂತೂ ಎದ್ದು ಹೊರಗೆ ಹೋಗುವ ಶಾಸ್ತ್ರವನ್ನೂ ಮಾಡಲಿಲ್ಲ.

ಮಾಲೀಕರಿಂದ ಕಾನೂನು ಅತಿಯಾಗಿ ಏನನ್ನೂ ಬಯಸುವುದಿಲ್ಲ. ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತ ಪುರಾವೆ ಬೇಕಿಲ್ಲ, ಸಂಭವನೀಯತೆಯ ತೂಕ, ಅಂದರೆ ಆರೋಪ ನಿಜವಿರುವ ಸಂಭವವೇ ಹೆಚ್ಚೆಂದು ಕಂಡರೆ, ಸಾಕು. ವಿಚಾರಣೆಗೆ ವಕೀಲರನ್ನು ತರುವುದೂ ನೌಕರನ ಸಹಜ ಹಕ್ಕಲ್ಲ. ವಿಚಾರಣೆಯಲ್ಲಿ ಲೋಪವಿದೆ ಎಂದ ಮಾತ್ರಕ್ಕೆ ಗುಮಾಸ್ತರು ಮರಳಿ ಕೆಲಸಕ್ಕೆ ಬಂದೇಬಿಡುತ್ತಾರೆಂದೂ ತಿಳಿಯಬೇಡಿ. ಆಡಳಿತವು ತನ್ನ ಆರೋಪವನ್ನು ಕಾರ್ಮಿಕ ನ್ಯಾಯಾಲಯದ ಮುಂದೆ ಹೊಸದಾಗಿ ಸಾಬೀತುಪಡಿಸಲು ಅವಕಾಶ ಕೇಳಬಹುದು. ಆಪಾದನೆಯನ್ನು ಬರಹದಲ್ಲಿ ಕೊಟ್ಟು, ಉತ್ತರಿಸಲು ಕೆಲವು ದಿನ ಬಿಟ್ಟು, ಇನ್ನೊಬ್ಬ ಅಧಿಕಾರಿಯನ್ನು ಕೂರಿಸಿದ್ದರೆ ಆಡಳಿತಕ್ಕೆ ಈ ಎರಡನೆಯ ಸುತ್ತು ತಪ್ಪುತ್ತಿತ್ತು.

ಗುಮಾಸ್ತರು ಕಾರ್ಮಿಕ ಇಲಾಖೆಯಲ್ಲಿ ವಿವಾದ ಎತ್ತಿದ್ದಾರೆಂದೂ, ನಿಮ್ಮನ್ನು ಮತ್ತೆ ಸಾಕ್ಷಿಗೆ ಕರೆಯಬಹುದೆಂಬ ಅಳುಕಿದೆಯೆಂದೂ ಬರೆದಿದ್ದೀರಿ. ನೀವು ಸಹಿ ಹಾಕಿದ ಹೇಳಿಕೆಯಲ್ಲಿ ತೂಕ ಕಡಿಮೆಯಿತ್ತು ಎಂಬ ಒಂದೇ ಮಾತಿದೆ, ಅದು ಸುಳ್ಳೇನಲ್ಲ. ಕರೆ ಬಂದರೆ ಆ ಮಾತಿನ ಜೊತೆಗೆ ಚೀಲ ತಣ್ಣಗಿದ್ದುದನ್ನೂ, ಆ ದಿನದ ತೇವಾಂಶವನ್ನು ಯಾವ ಪುಸ್ತಕದಲ್ಲಿ ಬರೆದಿಡುತ್ತಾರೆಂಬುದನ್ನೂ ಹೇಳಿ.

– ಸಂ.