ರೈಡ್ ಅಲ್ಲ, ಕ್ಯೂ ನೋಡಿ: ಆಟಿಸಂ ಮಕ್ಕಳ ಪೋಷಕರ ಪ್ರಶ್ನೆಗಳಿಗೆ ಉತ್ತರ

ರಜೆ ಹತ್ತಿರವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಕೈಬರಹದಲ್ಲಿ ಬರತೊಡಗುತ್ತದೆ: ಆಟಿಸಂ ಇರುವ ಮಗುವನ್ನು ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಕರೆದುಕೊಂಡು ಹೋಗಬಹುದೇ? ಹೋಗಬಹುದು. ಇಷ್ಟಕ್ಕೆ ಇನ್ನು ಪತ್ರ ಬೇಡ. ಆಟಿಸಂ ಎಂದರೇನು ಎಂಬುದನ್ನೂ ನಾನು ಇಲ್ಲಿ ಮತ್ತೆ ಹೇಳುವುದಿಲ್ಲ. ಬರೆದವರೆಲ್ಲ ಅದರ ಜೊತೆಗೇ ಬದುಕುತ್ತಿರುವವರು. ಹೋದ ಮೇಲೆ ಎಡವಟ್ಟಾದವರ ಪತ್ರಗಳನ್ನಷ್ಟೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮಗನಿಗೆ ಏಳು ವರ್ಷ. ಉಯ್ಯಾಲೆ ಹತ್ತಿದರೆ ಇಳಿಯುವುದಿಲ್ಲ, ನಿಂತಲ್ಲೇ ಗಿರಗಿರ ಸುತ್ತುತ್ತಾನೆ, ತಲೆ ತಿರುಗುವುದೂ ಇಲ್ಲ. ರೈಡ್ ಅವನಿಗೆ ಇಷ್ಟವಾಗಬಹುದು ಎಂದು ಕರೆದೊಯ್ದೆವು. ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತಿದ್ದ. ಇನ್ನೇನು ಹತ್ತಬೇಕು ಎನ್ನುವಾಗ ಕಿರುಚಿ ನೆಲದ ಮೇಲೆ ಹೊರಳಾಡಿದ. ಎಲ್ಲರೂ ನೋಡುತ್ತಿದ್ದರು. ಜೊತೆಗಿದ್ದ ನಮ್ಮ ಭಾವ, ‘ಒಂದು ಸಲ ಎತ್ತಿ ಕೂರಿಸಿಬಿಡಿ, ಭಯ ತಾನಾಗಿಯೇ ಹೋಗುತ್ತೆ’ ಎಂದರು. ಕೂರಿಸಬೇಕಿತ್ತೇ?

ಉತ್ತರ: ಖಂಡಿತ ಬೇಡ. ನೀವು ಕೂರಿಸದೇ ಇದ್ದದ್ದು ಸರಿ. ಈ ‘ಒಂದು ಸಲ ಕೂರಿಸಿಬಿಡಿ’ ಎನ್ನುವ ಭಾವಂದಿರು, ಚಿಕ್ಕಪ್ಪಂದಿರು ಪ್ರತಿ ಪತ್ರದಲ್ಲೂ ಇದ್ದಾರೆ. ಭಯ ಕಳೆಯುವುದು, ಬೇಡ ಅನಿಸಿದಾಗ ಹಿಂದೆ ಸರಿಯಬಹುದು ಎಂಬ ಧೈರ್ಯ ಇದ್ದಾಗ. ರೈಡ್ ಹೊರಟ ಮೇಲೆ ಹಿಂದೆ ಸರಿಯಲು ದಾರಿಯೇ ಇಲ್ಲ. ಬಲವಂತವಾಗಿ ಕೂರಿಸಿದರೆ ಮಗು ಕಲಿಯುವ ಪಾಠ ರೈಡ್ ಅಪಾಯವಿಲ್ಲ ಎಂಬುದಲ್ಲ, ಅಪ್ಪ ಎತ್ತಿಕೊಂಡರೆ ಏನಾಗುತ್ತದೋ ಗೊತ್ತಿಲ್ಲ ಎಂಬುದು. ಇದಕ್ಕಿಂತ ದೊಡ್ಡ ಮಾತು ಸುರಕ್ಷತೆಯದು: ತಪ್ಪಿಸಿಕೊಳ್ಳಲು ಕೊಸರಾಡುವ ಮಗು ತೊಡೆಯ ಮೇಲಿನ ರಾಡ್‌ನಡಿಯಿಂದ ನುಸುಳಬಹುದು. ನಾನು ಹಿಡಿದುಕೊಂಡಿರುತ್ತೇನೆ ಎನ್ನಬೇಡಿ. ಗುರುತ್ವದ ಮೂರು ಪಟ್ಟು ಬಲ ಬೀಳುವ ತಿರುವಿನಲ್ಲಿ ಇಪ್ಪತ್ತು ಕಿಲೋ ಮಗು ಅರವತ್ತು ಕಿಲೋ ಭಾರವಾಗುತ್ತದೆ. ಯಾವ ಅಪ್ಪನ ತೋಳೂ ಅದನ್ನು ಹಿಡಿದಿಡುವುದಿಲ್ಲ. ರೈಡ್ ಪೂರ್ತಿ ನಿಲ್ಲುವವರೆಗೆ ತಾನಾಗಿ ಕೂತಿರಲಾರದ ಮಗುವಿಗೆ ವೇಗದ ರೈಡ್ ಬೇಡ, ಅಷ್ಟೇ. ಎತ್ತರದ ಗೆರೆ ದಾಟಿದ್ದಾನೆ ಎಂಬುದು ಅವನ ಮೈ ರಾಡ್‌ಗೆ ಸರಿಹೊಂದುತ್ತದೆ ಎಂದಷ್ಟೇ ಹೇಳುತ್ತದೆ.

ಇನ್ನು, ಅವನಿಗೆ ರೈಡ್‌ನ ಭಯವಿತ್ತು ಎಂದು ನಿಮಗೆ ಯಾರು ಹೇಳಿದರು? ನೀವೇ ಬರೆದಿದ್ದೀರಿ, ಮುಕ್ಕಾಲು ಗಂಟೆ ಕ್ಯೂ ಎಂದು. ಹಿಂದಿನವರ ಚೀಲ ಬೆನ್ನಿಗೆ ತಾಗುತ್ತದೆ, ಸ್ಪೀಕರ್ ಕಿವಿಯ ಮೇಲೇ ಅರಚುತ್ತದೆ, ಸಾಲು ಸರಿಯುತ್ತದೆ, ನಿಲ್ಲುತ್ತದೆ, ಯಾವಾಗ ಮುಗಿಯುತ್ತದೆ ಎಂದು ಹೇಳುವವರಿಲ್ಲ. ಅವನ ತಾಳ್ಮೆ ಪೂರ್ತಿ ಅಲ್ಲೇ ಖರ್ಚಾಗಿದೆ. ಹತ್ತುವ ಜಾಗದಲ್ಲಿ ಕಂಡದ್ದು ಆ ಮುಕ್ಕಾಲು ಗಂಟೆಯ ಕೊನೆಯ ನಿಮಿಷ ಮಾತ್ರ.

ಉಯ್ಯಾಲೆಯ ಲೆಕ್ಕಾಚಾರವೂ ಅರ್ಧ ಸರಿ. ಒಳಕಿವಿಯಲ್ಲಿರುವ ಮೂರು ಅರೆವೃತ್ತ ನಾಳಗಳು ಸುತ್ತುವುದನ್ನು ಗುರುತಿಸುತ್ತವೆ. ಅಲ್ಲೇ ಇರುವ ಬೇರೆರಡು ಪುಟ್ಟ ಅಂಗಗಳು ಬೀಳುವುದು, ಏರುವುದು, ಮುಂದಕ್ಕೆ ನುಗ್ಗುವುದನ್ನು ಗುರುತಿಸುತ್ತವೆ. ಸುತ್ತುವುದನ್ನು ಇಷ್ಟಪಡುವ ಮಗು ಬೀಳುವುದನ್ನೂ ಇಷ್ಟಪಡಬೇಕೆಂದಿಲ್ಲ. ಅದಲ್ಲದೆ, ಮನೆಯಲ್ಲಿ ಶುರು ಮಾಡುವವನೂ ನಿಲ್ಲಿಸುವವನೂ ಅವನೇ. ರೈಡ್‌ನಲ್ಲಿ ಸ್ವಿಚ್ ಇನ್ಯಾರದೋ ಕೈಯಲ್ಲಿರುತ್ತದೆ. ತಲೆ ತಿರುಗುವುದಿಲ್ಲ ಎಂಬುದನ್ನೂ ಹೆಚ್ಚು ನಂಬಬೇಡಿ. ಈ ಮಕ್ಕಳಲ್ಲಿ ಅನೇಕರಿಗೆ ಹೊಟ್ಟೆ ತೊಳಸುವುದು, ಬಾಯಾರಿಕೆ, ಮೂತ್ರದ ಒತ್ತಡ ಬೇಗ ತಿಳಿಯುವುದಿಲ್ಲ. ತಿಳಿದರೂ ಹೇಳಲು ಬರುವುದಿಲ್ಲ. ಮುಖ ಬಿಳಿಚಿದರೆ, ಮತ್ತೆ ಮತ್ತೆ ಆಕಳಿಸಿದರೆ, ತಣ್ಣನೆ ಬೆವರಿದರೆ, ಗಲಾಟೆ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದರೆ ಅವತ್ತಿಗೆ ರೈಡ್ ಮುಗಿಯಿತು ಎಂದು ತಿಳಿಯಿರಿ.

ಮುಂದಿನ ಸಲ ಹೊರಡುವ ಮುನ್ನ ಆ ರೈಡ್‌ನಲ್ಲಿ ಕೂತವರು ತೆಗೆದ ವಿಡಿಯೊ ಹುಡುಕಿ ತೋರಿಸಿ. ಮೊದಲು ಶಬ್ದ ಇಲ್ಲದೆ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸುತ್ತಾ. ನಂತರ ಚಿತ್ರಗಳನ್ನು ಸಾಲಾಗಿ ಜೋಡಿಸಿ: ಗೇಟು, ಸಾಲು, ಸೀಟು, ರಾಡ್ ಇಳಿಯುವುದು, ಓಟ, ರಾಡ್ ಏಳುವುದು, ಹೊರಗೆ ಬರುವುದು. ಪೋಷಕರು ತರುವ ಚಿತ್ರಗಳಲ್ಲಿ ಕೊನೆಯ ಎರಡು ಇರುವುದೇ ಇಲ್ಲ. ಮಗುವಿಗೆ ಬೇಕಿರುವುದು ಅವೇ, ಇದು ಮುಗಿಯುತ್ತದೆ ಎಂಬ ಸಾಕ್ಷಿ. ರಾಡ್‌ನ ಒತ್ತಡ ಕೆಲವರಿಗೆ ಹಿತ, ಕೆಲವರಿಗೆ ಸಹಿಸಲಾಗದು. ಕುರ್ಚಿಯಲ್ಲಿ ಕೂರಿಸಿ ತೊಡೆಯ ಮೇಲೆ ದಿಂಬು ಒತ್ತಿ ನೋಡಿದರೆ ಮನೆಯಲ್ಲೇ ಗೊತ್ತಾಗುತ್ತದೆ.

ಪಾರ್ಕ್‌ಗೆ ಮೊದಲೇ ಫೋನ್ ಮಾಡಿ ಕೇಳಿ: ಸಾಲಿನಲ್ಲಿ ನಿಲ್ಲದೆ ಕಾಯಲು ವ್ಯವಸ್ಥೆ ಇದೆಯೇ, ಸದ್ದಿಲ್ಲದ ಕೋಣೆ ಇದೆಯೇ, ಹತ್ತುವ ಜಾಗದಿಂದ ಹತ್ತದೆ ವಾಪಸ್ ಬರುವ ದಾರಿ ಎಲ್ಲಿ. ಇದೇನೂ ಅತಿಯಾಸೆಯಲ್ಲ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಸಾಲಿನಲ್ಲಿ ನಿಲ್ಲಲಾಗದವರಿಗೆ ಮರಳಿ ಬರುವ ಸಮಯ ಬರೆದುಕೊಡುವ ವ್ಯವಸ್ಥೆ 2013ರಲ್ಲೇ ಶುರುವಾಯಿತು. ಅಲ್ಲಿನ ಸೆಸಮಿ ಪ್ಲೇಸ್ ಎಂಬ ಪಾರ್ಕ್ 2018ರಲ್ಲಿ ಸಿಬ್ಬಂದಿಗೆ ಆಟಿಸಂ ಬಗ್ಗೆ ತರಬೇತಿ ಕೊಡಿಸಿ ಪ್ರಮಾಣಪತ್ರ ಪಡೆಯಿತು. ನೀವು ಹೋಗುವಲ್ಲಿ ಏನೂ ಇಲ್ಲವೆಂದರೆ ವಾರದ ನಡುವೆ, ಗೇಟು ತೆರೆಯುವ ಹೊತ್ತಿಗೇ ಹೋಗಿ. ಸಾಲಿನಲ್ಲಿ ಒಬ್ಬರು ನಿಲ್ಲಲಿ, ಇನ್ನೊಬ್ಬರು ಮಗುವಿನೊಂದಿಗೆ ಹೊರಗಿರಲಿ. ನಡುವೆ ಬಂದು ಸೇರಿಕೊಳ್ಳುವುದನ್ನು ಸಿಬ್ಬಂದಿಗೆ ಮೊದಲೇ ಹೇಳಿಡಿ.

ರೈಡ್ ಆರಿಸುವಾಗ ‘ನಿಧಾನ ಅಂದರೆ ಸುಲಭ’ ಎಂಬ ಮೂಢನಂಬಿಕೆ ಬಿಡಿ. ಜೈಂಟ್ ವೀಲ್ ನಿಧಾನ ನಿಜ, ಆದರೆ ಜನ ಹತ್ತಿ ಇಳಿಯುವಾಗಲೆಲ್ಲ ಅದು ನಿಲ್ಲುತ್ತದೆ, ಒಮ್ಮೊಮ್ಮೆ ನೆತ್ತಿಯಲ್ಲೇ. ಏಕೆ ನಿಂತಿತು, ಯಾವಾಗ ಹೊರಡುತ್ತದೆ ಎಂದು ಮಗುವಿಗೆ ಗೊತ್ತಿಲ್ಲ. ಡ್ಯಾಶಿಂಗ್ ಕಾರ್‌ನಲ್ಲಿ ಗುದ್ದು ಯಾವ ಕಡೆಯಿಂದ ಬರುತ್ತದೋ ಹೇಳಲಾಗದು. ಪೂರ್ತಿ ಹಳಿ ಕಣ್ಣಿಗೆ ಕಾಣುವ, ಒಂದೇ ರೀತಿ ಓಡುವ, ಬೇಗ ಮುಗಿಯುವ ಪುಟ್ಟ ರೈಲಿನಂಥದು ಮೊದಲಿರಲಿ. ಬೇಲಿಯಾಚೆ ನಿಂತು ಅದು ಕೆಲವು ಸುತ್ತು ಹೊರಟು ನಿಲ್ಲುವುದನ್ನು ನೋಡಲಿ, ನೀವು ಟೈಮರ್ ಹಿಡಿಯಿರಿ. ಶಬ್ದಕ್ಕೆ ಕಿವಿಮುಚ್ಚುಗ ಒಯ್ಯಿರಿ, ಆದರೆ ವೇಗದ ರೈಡ್‌ಗಳಲ್ಲಿ ಅದನ್ನು ತೆಗೆಸಬಹುದು ಎಂಬುದು ನೆನಪಿರಲಿ. ಅದೂ ಮೊದಲೇ ಕೇಳಬೇಕಾದ ಪ್ರಶ್ನೆ.

ಇಷ್ಟಾದ ಮೇಲೂ ಅವನು ಸೀಟಿನ ಮುಂದೆ ನಿಂತು ಬೇಡ ಎಂದರೆ? ಬೇಡ. ಮಾತು ಬಾರದ ಮಗುವಾದರೆ ‘ಸಾಕು’ ಎನ್ನುವ ಕಾರ್ಡ್ ಕೈಯಲ್ಲಿರಲಿ, ಅದನ್ನು ತೋರಿಸಿದ ತಕ್ಷಣ ಹೊರಗೆ ಬನ್ನಿ. ‘ಇಷ್ಟು ದೂರ ಬಂದು’, ‘ಟಿಕೆಟ್ ದುಡ್ಡು ದಂಡ’ ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಜನ ನೋಡುತ್ತಾರೆ ಎಂದಿದ್ದೀರಿ. ನೋಡಲಿ.

ಪ್ರಶ್ನೆ: ಗಿರಗಿರ ತಿರುಗುವ ರೈಡ್‌ನಲ್ಲಿ ದಿನಾ ಕೂರಿಸಿದರೆ ಮೆದುಳು ಚುರುಕಾಗಿ ಮಾತು ಬರುತ್ತದೆ ಎಂದು ಒಬ್ಬ ಥೆರಪಿಸ್ಟ್ ಹೇಳಿದರು. ನಿಜವೇ?

ಉತ್ತರ: ಸುಳ್ಳು. ತೂಗುವಾಗ ಖುಷಿಗೆ ಮಗು ನಾಲ್ಕು ಸದ್ದು ಹೆಚ್ಚು ಮಾಡಬಹುದು, ಅದು ಖುಷಿ, ಚಿಕಿತ್ಸೆಯಲ್ಲ. ಇಂಥವರೇ ನಾಳೆ ‘ಮೈಯಿಂದ ಲೋಹ ತೆಗೆಯುತ್ತೇವೆ’ ಎಂದು ಕೀಲೇಷನ್‌ಗೆ ಕರೆಯುತ್ತಾರೆ. 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ಆ ‘ಚಿಕಿತ್ಸೆ’ಯ ವೇಳೆಯೇ ಸತ್ತ. ಥೆರಪಿಸ್ಟ್ ಬದಲಿಸಿ.

ಪ್ರಶ್ನೆ: ಹೊರಡುವ ಮುನ್ನ ಸ್ವಲ್ಪ ಶೀತದ ಸಿರಪ್ ಕೊಟ್ಟರೆ ಮಗು ಶಾಂತವಾಗಿರುತ್ತದೆಯೇ?

ಉತ್ತರ: ಕೊಡಬೇಡಿ. ಕೆಲವು ಮಕ್ಕಳಲ್ಲಿ ಆ ಔಷಧ ಉಲ್ಟಾ ಕೆಲಸ ಮಾಡಿ ಇನ್ನಷ್ಟು ಕೆರಳಿಸುತ್ತದೆ, ಉಳಿದವರು ತೂಕಡಿಸುತ್ತಾ ರೈಡ್ ಹತ್ತುತ್ತಾರೆ. ಎರಡೂ ಬೇಡ.

ಪ್ರಶ್ನೆ: ಮಗಳಿಗೆ ಫಿಟ್ಸ್ ಕೂಡ ಇದೆ. ಭೂತಬಂಗಲೆಗೆ ಹೋಗಬಹುದೇ?

ಉತ್ತರ: ಮಿಣುಕುವ ದೀಪಗಳಿರುವ ಕತ್ತಲ ರೈಡ್‌ಗಳಿಗೆ ಅವಳ ನರರೋಗ ತಜ್ಞರು ಸರಿ ಎನ್ನುವವರೆಗೆ ಬೇಡ. ಬೆಳಕಿಗೆ ಫಿಟ್ಸ್ ಬರುವುದು ಕೆಲವರಿಗೆ ಮಾತ್ರ, ಆದರೆ ಅದನ್ನು ಪರೀಕ್ಷಿಸುವ ಜಾಗ ಭೂತಬಂಗಲೆ ಅಲ್ಲ. ಡೌನ್ ಸಿಂಡ್ರೋಮ್ ಕೂಡ ಇರುವ ಮಕ್ಕಳ ಪೋಷಕರಿಗೂ ಇಲ್ಲೇ ಒಂದು ಮಾತು: ಕತ್ತನ್ನು ಝಾಡಿಸುವ ರೈಡ್‌ಗೆ ಮುನ್ನ ಕತ್ತಿನ ಮೂಳೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಪ್ರಶ್ನೆ: ನೀರಿನ ಆಟ ಇನ್ನೂ ಸುರಕ್ಷಿತ ಅಲ್ಲವೇ? ಬೀಳುವ ಭಯವಿಲ್ಲ.

ಉತ್ತರ: ಅಲ್ಲ. ಆಟಿಸಂ ಇರುವ ಮಕ್ಕಳು ಕಣ್ತಪ್ಪಿಸಿ ಹೋಗಿ ಸಾಯುವುದು ಹೆಚ್ಚಾಗಿ ನೀರಿನಲ್ಲಿ ಮುಳುಗಿ. ಒಬ್ಬ ದೊಡ್ಡವರು ಕೈಗೆಟುಕುವಷ್ಟು ಹತ್ತಿರ, ಫೋನ್ ಇಲ್ಲದೆ, ಪೂರ್ತಿ ಹೊತ್ತು ಇರಬೇಕು. ಮಗುವಿನ ಬಟ್ಟೆಗೆ ನಿಮ್ಮ ಫೋನ್ ನಂಬರ್ ಹೊಲಿದಿರಲಿ.

ಪ್ರಶ್ನೆ: ಒಂದೇ ರೈಡ್ ಮತ್ತೆ ಮತ್ತೆ ಕೇಳುತ್ತಾನೆ, ಬೇರೆಯವನ್ನು ನೋಡುವುದೇ ಇಲ್ಲ. ಹೇಗೆ ಬಿಡಿಸುವುದು?

ಉತ್ತರ: ಯಾಕೆ ಬಿಡಿಸಬೇಕು? ಎಲ್ಲ ರೈಡ್ ಮುಗಿಸಬೇಕೆಂಬ ಆಸೆ ನಿಮ್ಮದು, ಅವನದಲ್ಲ. ಎಷ್ಟು ಸುತ್ತು ಎಂದು ಮೊದಲೇ ಬಿಲ್ಲೆಗಳನ್ನು ಅವನ ಕೈಗೆ ಕೊಡಿ, ಒಂದೊಂದು ಸುತ್ತಿಗೆ ಒಂದೊಂದನ್ನು ಅವನೇ ನಿಮಗೆ ವಾಪಸ್ ಕೊಡಲಿ. ಬಿಲ್ಲೆ ಮುಗಿದ ಮೇಲೆ ‘ಇನ್ನೊಂದೇ ಒಂದು’ ಎಂದು ನೀವೇ ನಿಯಮ ಮುರಿಯಬೇಡಿ. ಮುಂದಿನ ಸಲ ಹೊರಡಿಸಲು ಒದ್ದಾಡುವವರು ನೀವೇ.