ಪಿಯುಸಿ ಆದಮೇಲೆ ಖಗೋಳವಿಜ್ಞಾನ ಓದಲು ಯಾವ ಯೂನಿವರ್ಸಿಟಿ ಒಳ್ಳೆಯದು?

ಊರಿನ ಕಾಲೇಜಿನಲ್ಲಿ ಬರೀ ಬಿಎಸ್ಸಿ ಫಿಸಿಕ್ಸ್ ಇದೆ, ಅದು ಬೇಡ, ಹೆಸರಲ್ಲೇ 'ಅಸ್ಟ್ರಾನಮಿ' ಇರುವ, ಸ್ವಂತ ಟೆಲಿಸ್ಕೋಪ್ ಇರುವ ಕಡೆ ಸೇರಬೇಕು, ಅಪ್ಪ ಮಾತ್ರ ಎಂಜಿನಿಯರಿಂಗ್ ಅಂತಿದ್ದಾರೆ ಎಂದು ಬರೆದಿದ್ದೀರಿ. ಸೆಕೆಂಡ್ ಪಿಯುಸಿ ಮುಗಿಸಿದಾಗ ನಾನು ಥೇಟ್ ಹೀಗೇ ಇದ್ದೆ. ನಮ್ಮಪ್ಪನೂ.

ನಾನು ಕಾಲೇಜು ಆರಿಸಿದ್ದು ಪ್ರಾಸ್ಪೆಕ್ಟಸ್‌ನ ಮುಖಪುಟ ನೋಡಿ. ತಾರಸಿ ಮೇಲೆ ಬಿಳಿ ಗುಮ್ಮಟ, ಅದರೊಳಗೆ ಟೆಲಿಸ್ಕೋಪ್. ನಮ್ಮ ಮನೆ ಹತ್ತಿರವೇ ಒಂದು ಹಳೇ ಸರ್ಕಾರಿ ಕಾಲೇಜಿತ್ತು. ಅಲ್ಲಿನ ಫಿಸಿಕ್ಸ್ ಮೇಷ್ಟ್ರ ಪಾಠ ಅಂದರೆ ಪಕ್ಕದ ತಾಲ್ಲೂಕಿನವರಿಗೂ ಗೊತ್ತು. ಆದರೆ ಗುಮ್ಮಟ ಇರಲಿಲ್ಲ ನೋಡಿ! ಸಾಲ ಮಾಡಿಸಿ ದೂರದ ಊರಿಗೆ ಹೋದೆ. ಗುಮ್ಮಟದ ಬೀಗದ ಕೈ ಎಚ್‌ಒಡಿ ಬೀರುವಿನಲ್ಲಿ ಇರುತ್ತಿತ್ತು. ಮಳೆಗಾಲದಲ್ಲಿ ತೆಗೆಯುವ ಹಾಗಿಲ್ಲ, ಪರೀಕ್ಷೆ ಹತ್ತಿರ ಬಂದರೆ ತೆಗೆಯುವ ಹಾಗಿಲ್ಲ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದ ದಿನ ಮಾತ್ರ ತೆಗೆದು ಒರೆಸಿಟ್ಟರು.

ಆದರೆ ನನಗೆ ಪೆಟ್ಟು ಕೊಟ್ಟಿದ್ದು ಆ ಬೀಗ ಅಲ್ಲ. ದಿನಾ ರಾತ್ರಿ ತೆಗೆದಿದ್ದರೂ ನನ್ನ ಕಥೆ ಅದೇ ಆಗುತ್ತಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಕೋರ್ಸ್‌ನಲ್ಲಿ ಖಗೋಳದ ಪೇಪರ್‌ಗಳಿಗೆ ಜಾಗ ಮಾಡಲು ಫಿಸಿಕ್ಸ್ ಪೇಪರ್‌ಗಳನ್ನು ಕತ್ತರಿಸಿದ್ದರು. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಅಂದರೆ ಅಸಂಖ್ಯ ಕಣಗಳ ಒಟ್ಟು ವರ್ತನೆಯ ಲೆಕ್ಕ, ಐಚ್ಛಿಕ ಆಗಿತ್ತು. ನಾನು ಬಿಟ್ಟೆ, ಅದರ ಬದಲು ನಕ್ಷತ್ರಗಳ ಪೇಪರ್ ತೆಗೆದುಕೊಂಡೆ. ಎಂಎಸ್ಸಿಯಲ್ಲೂ ಹಾಗೇ, ಖಗೋಳದ್ದು ಏನು ಸಿಕ್ಕಿದರೂ ಅದು, ಕ್ವಾಂಟಮ್ ಅಂದರೆ ಪಾಸಾದರೆ ಸಾಕು. ಆಮೇಲೆ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿ ಇಂಟರ್‌ವ್ಯೂ. "ಶ್ವೇತಕುಬ್ಜ ನಕ್ಷತ್ರ ಯಾಕೆ ಕುಸಿಯಲ್ಲ?" ಎಂದು ಕೇಳಿದರು. ಇಂಧನ ಮುಗಿದ ನಕ್ಷತ್ರದಲ್ಲಿ ಕೊನೆಗೆ ಉಳಿಯುವ ಪುಟ್ಟ, ದಟ್ಟ ತಿರುಳು ಅದು. ನನಗೆ ಒಳಗೊಳಗೇ ಖುಷಿ. ಡಿಜೆನರಸಿ ಒತ್ತಡ ಎಂದೆ, ಅದು ತಡೆಯಬಲ್ಲ ಗರಿಷ್ಠ ತೂಕಕ್ಕೆ ಚಂದ್ರಶೇಖರ್ ಮಿತಿ ಎಂದೆ, ಸೂರ್ಯನ ತೂಕದ ಸುಮಾರು 1.4 ಪಟ್ಟು ಎಂದೆ, 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ 19 ವರ್ಷದ ಹುಡುಗ ಚಂದ್ರಶೇಖರ್ ಆ ಲೆಕ್ಕಕ್ಕೆ ಕೈ ಹಾಕಿದ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಚಾಕ್‌ಪೀಸ್ ಕೈಗಿಟ್ಟರು. "ಒಂದು ಡಬ್ಬದಲ್ಲಿ ಎಲೆಕ್ಟ್ರಾನ್ ತುಂಬಿ. ಎಷ್ಟು ಒತ್ತಡ ಬರುತ್ತೆ, ಬರೆದು ತೋರಿಸಿ."

ಬೋರ್ಡ್ ಮುಂದೆ ಸುಮ್ನೆ ನಿಂತೆ.

ನಾನು ಬರೆಯಬೇಕಿದ್ದ ಉತ್ತರ ಇಷ್ಟೇ: ಎರಡು ಎಲೆಕ್ಟ್ರಾನ್ ಒಂದೇ ಸ್ಥಿತಿಯಲ್ಲಿ ಇರುವ ಹಾಗಿಲ್ಲ. ಹಾಗಾಗಿ ಒತ್ತಿದಷ್ಟೂ ಅವು ಜಾಸ್ತಿ ಜಾಸ್ತಿ ವೇಗದ ಸ್ಥಿತಿಗಳಿಗೆ ಏರಲೇಬೇಕು, ಒತ್ತಡ ಬರುವುದು ಅಲ್ಲಿಂದ. ಲೆಕ್ಕ ಹಾಕಿದರೆ ಒತ್ತಡವು ಸಾಂದ್ರತೆಯ 5/3ನೇ ಘಾತದಂತೆ ಏರುತ್ತದೆ. ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗದ ಹತ್ತಿರ ಬಂದಾಗ ಆ 5/3 ಇಳಿದು 4/3 ಆಗುತ್ತದೆ. ಅಲ್ಲಿಗೆ ಆಟ ಮುಗಿಯಿತು. ನಕ್ಷತ್ರ ಕುಗ್ಗಿದಾಗ ಗುರುತ್ವದ ಸೆಳೆತ ಎಷ್ಟು ಪಟ್ಟು ಏರುತ್ತದೋ ಒತ್ತಡವೂ ಅಷ್ಟೇ ಪಟ್ಟು ಏರುತ್ತದೆ, ಕುಗ್ಗಿ ಉಳಿದುಕೊಳ್ಳುವ ದಾರಿಯೇ ಇಲ್ಲ. 1.4 ಬಂದಿದ್ದು ಅಲ್ಲಿಂದ. ಇಷ್ಟನ್ನೂ ಕಲಿಸುವುದು ನಾನು ಬಿಟ್ಟ ಆ ಪೇಪರ್‌ನಲ್ಲಿ. ನನಗೆ ಉತ್ತರ ಬಾಯಿಪಾಠ ಇತ್ತು, ಹೇಗೆ ಬಂತು ಅನ್ನುವುದು ಗೊತ್ತಿರಲಿಲ್ಲ.

ಸೀಟು ಸಿಗಲಿಲ್ಲ. ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡು, ಬಿಎಸ್ಸಿ ಪುಸ್ತಕಗಳನ್ನೇ ಮತ್ತೆ ಮೊದಲಿಂದ ಓದಿ, ಪಿಎಚ್‌ಡಿ ಪ್ರವೇಶಕ್ಕಿರುವ ಜೆಸ್ಟ್ ಪರೀಕ್ಷೆ ಬರೆದು, ತಡವಾಗಿ ಒಳಗೆ ಬಂದೆ. ಈಗ ರೇಡಿಯೋ ಖಗೋಳದಲ್ಲಿದ್ದೇನೆ. ಪುಣೆ ಆಚೆ ಖೊಡದ್ ಹತ್ತಿರದ ಜಿಎಂಆರ್‌ಟಿ, ಅಂದರೆ ತಲಾ 45 ಮೀಟರ್ ಅಗಲದ 30 ಡಿಶ್‌ಗಳ ದೂರದರ್ಶಕ, ಅದರ ಡೇಟಾ ನನ್ನ ಕೆಲಸ. ಕಣ್ಣಿಟ್ಟು ನೋಡುವುದಕ್ಕೆ ಅಲ್ಲಿ ಏನೂ ಇಲ್ಲ. ದಿನವಿಡೀ ಫೂರಿಯರ್ ಟ್ರಾನ್ಸ್‌ಫಾರ್ಮ್ ಅನ್ನುವ ಗಣಿತ, ಪೈಥಾನ್ ಕೋಡ್, ಯಾರದೋ ಮೊಬೈಲ್ ಸಿಗ್ನಲ್ ಜೊತೆ ಜಗಳ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ 2 ಮೀಟರ್ ಟೆಲಿಸ್ಕೋಪ್ ಇದೆಯಲ್ಲ, ಅದನ್ನು ನಡೆಸುವುದು ಉಪಗ್ರಹ ಸಂಪರ್ಕದ ಮೂಲಕ, ನಮ್ಮ ಹೊಸಕೋಟೆಯಲ್ಲಿ ಕೂತು. ಇಂಥ ಟೆಲಿಸ್ಕೋಪ್‌ಗಳಲ್ಲಿ ಸಮಯ ಬೇಕೆಂದರೆ ಪ್ರಸ್ತಾವ ಬರೆದು ಕೇಳಬೇಕು. ನಿಮ್ಮ ಕಾಲೇಜಿನ ತಾರಸಿ ಮೇಲೆ ಏನಿತ್ತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಡಿಗ್ರಿಗೆ ಖಗೋಳ ಹುಡುಕಬೇಡಿ, ಗಟ್ಟಿ ಫಿಸಿಕ್ಸ್ ಮತ್ತು ಗಣಿತ ಹುಡುಕಿ. ಐಸರ್ ಅನ್ನುವ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಿಗೆ ಐಎಟಿ ಪ್ರವೇಶ ಪರೀಕ್ಷೆ ಬರೆಯಿರಿ, ಅಂಥದ್ದೇ ಸಂಸ್ಥೆಗಳಾದ ಭುವನೇಶ್ವರದ ನೈಸರ್ ಮತ್ತು ಮುಂಬೈನ ಸಿಇಬಿಎಸ್‌ಗೆ ನೆಸ್ಟ್ ಪರೀಕ್ಷೆ ಬರೆಯಿರಿ. ಐಐಎಸ್‌ಸಿ ಬಿಎಸ್ಸಿಗೆ ಜೆಇಇ ಅಥವಾ ಐಎಟಿ ರ‍್ಯಾಂಕ್ ನೋಡುತ್ತಾರೆ. ಯಾವುದೂ ಆಗಲಿಲ್ಲವಾ? ಊರಿನ ಕಾಲೇಜಿಗೇ ಸೇರಿ, ನಾಚಿಕೆ ಏನಿಲ್ಲ. ಎಂಎಸ್ಸಿ ಹೊತ್ತಿಗೆ ಜ್ಯಾಮ್ ಪ್ರವೇಶ ಪರೀಕ್ಷೆ ಇದೆ, ಆಮೇಲೆ ಜೆಸ್ಟ್ ಇದೆ. ಬೆಂಗಳೂರಿಗೆ ಬರುವುದಾದರೆ ನೆಹರು ತಾರಾಲಯದವರು ಬಿಎಸ್ಸಿ ಹುಡುಗರಿಗೆ ನಡೆಸುವ ರೀಪ್ ತರಗತಿ ವಿಚಾರಿಸಿ, ಅಂಥದ್ದು ಬೇರೆ ಊರಲ್ಲಿ ನಾನು ನೋಡಿಲ್ಲ. ಲಕ್ಷಗಟ್ಟಲೆ ಫೀ ಕೊಟ್ಟು 'ಅಸ್ಟ್ರಾನಮಿ' ಅನ್ನುವ ಹೆಸರು ಕೊಳ್ಳುವುದು ಮಾತ್ರ ಬೇಡವೇ ಬೇಡ. ಆಕಾಶ ನೋಡುವ ಆಸೆಗೆ ಒಂದು 10×50 ಬೈನಾಕ್ಯುಲರ್ ಧಾರಾಳ ಸಾಕು.

ಅಪ್ಪನಿಗೆ ಹೇಳಿ, ಎಂಜಿನಿಯರಿಂಗ್ ಮಾಡಿ ಖಗೋಳಕ್ಕೆ ಬಂದವರೂ ಇದ್ದಾರೆ, ನನ್ನ ಪಕ್ಕದ ಮೇಜಿನಲ್ಲೇ ಒಬ್ಬರಿದ್ದಾರೆ. ಆದರೆ ಅವರೂ ರಾತ್ರಿ ಕೂತು ಫಿಸಿಕ್ಸ್ ಓದಿಯೇ ಬಂದಿದ್ದು. ಇಷ್ಟ ಇಲ್ಲದೆ ನಾಲ್ಕು ವರ್ಷ ಸುತ್ತುವುದು ಯಾಕೆ?

ಕಾಲೇಜಿಗೆ ಸೇರುವ ಮುಂಚೆ ಒಂದು ದಿನ ಹೋಗಿ ಫೈನಲ್ ಇಯರ್ ಹುಡುಗರನ್ನು ಕ್ಯಾಂಟೀನಿನಲ್ಲಿ ಹಿಡಿಯಿರಿ. ಕ್ವಾಂಟಮ್ ಯಾರು ಮಾಡುತ್ತಾರೆ, ಸಿಲಬಸ್ ಮುಗಿಸುತ್ತಾರಾ, ಲ್ಯಾಬ್‌ನಲ್ಲಿ ರೀಡಿಂಗ್ ನಿಜಕ್ಕೂ ತೆಗೆಸುತ್ತಾರಾ ಇಲ್ಲ ಸೀನಿಯರ್ ರೆಕಾರ್ಡ್ ನೋಡಿ ಬರೆಸುತ್ತಾರಾ, ಕೇಳಿ. ಊರಿನ ಕಾಲೇಜಿನದು, ಆ 'ಅಸ್ಟ್ರಾನಮಿ' ಕೋರ್ಸಿನದು, ಎರಡೂ ಕಡೆಯ ಸಿಲಬಸ್ ಸಿಕ್ಕಿದರೆ ಇಲ್ಲೇ ಹಾಕಿ, ಏನು ಕತ್ತರಿಸಿದ್ದಾರೆ ಅಂತ ನೋಡಿ ಹೇಳುತ್ತೇನೆ.